ಮಾಳಿಗೆಯ ಕಿಟಕಿ

ವಿಲೈ ಅಕ್ಕನಿಗೆ,

“ಎದುರಿನ ಗೋದಾಮಿಗೆ ರಾಜರೇ ಬಂದರೂ ನಾನು ಈ ಕಿಟಕಿಯಿಂದಲೇ ನೋಡುವುದು” ಎಂದು ಅಮ್ಮ ಒಮ್ಮೆ ಹೇಳಿದ್ದಳಲ್ಲ? ನಿನ್ನೆ ರಾಜಕುಮಾರಿಯವರೇ ಬಂದರು. ಗೋದಾಮು ಈಗ ಊರಿನ ಚಿತ್ರಶಾಲೆ; ಅಪ್ಪ ಬರೆದ ಚಿತ್ರವೂ ಅಲ್ಲಿದೆ. ಮಂಡಿನೋವಿನಿಂದ ಮೆಟ್ಟಿಲಿಳಿಯಲಾರದ ಅಮ್ಮ ಉದ್ಘಾಟನೆ ನೋಡಲು ಬೆಳಿಗ್ಗೆಯೇ ರೇಷ್ಮೆ ಉಟ್ಟು ಕಿಟಕಿಯಲ್ಲಿ ಕೂತಿದ್ದಳು. ಪೊಲೀಸಿನವನು ಕೆಳಗಿನಿಂದ ಕೂಗಿದ.

“ಅಜ್ಜೀ, ರಾಜಕುಮಾರಿಯವರಿಗಿಂತ ಮೇಲೆ ಯಾರೂ ಇರೋ ಹಾಗಿಲ್ಲ. ಕಿಟಕಿ ಹಾಕ್ಕೊಳ್ಳಿ.”

“ಕೆಳಗೆ ನೀನೇ ಹೊತ್ಕೊಂಡು ಹೋಗ್ತೀಯೇನೋ, ಮೊಮ್ಮಗನೇ?” ಎಂದು ನಕ್ಕು, ತಾನೇ ಕದ ಎಳೆದುಕೊಂಡಳು.

ನಾನು ಚಿತ್ರಶಾಲೆಗೆ ಹೋಗಿದ್ದೆ. ಅಲ್ಲಿ ಗೋಡೆಯ ಎತ್ತರದಲ್ಲಿ ತೂಗುಹಾಕಿದ್ದ ಅಪ್ಪನ ಚಿತ್ರದಲ್ಲಿ, ಅದೇ ಕಿಟಕಿ ತೆರೆದಿತ್ತು. ಹರೆಯದ ಅಮ್ಮ ಬಾಗಿ ಬೀದಿ ನೋಡುತ್ತಿದ್ದಳು. ರಾಜಕುಮಾರಿಯವರು ತಲೆಯೆತ್ತಿ ಅವಳನ್ನು ಬಹಳ ಹೊತ್ತು ನೋಡಿದರು.

ಮನೆಗೆ ಬಂದು ಹೇಳಿದರೆ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. “ಅಯ್ಯೋ, ಅದರಲ್ಲಿ ನಾನು ತಲೇನೇ ಬಾಚಿಲ್ವಲ್ಲೋ!”

ಚಿಯಾಂಗ್ ಮಾಯ್‌ನಿಂದ ನೀನು ಕಳಿಸುವ ಮಂಡಿಯ ಎಣ್ಣೆ ಮುಗಿದಿದೆ. ಈ ಸಲ ಒಂದು ಬಾಚಣಿಗೆಯನ್ನೂ ಕಳಿಸು. ಬೆಳಗಿನಿಂದ ಅಮ್ಮ ಕಿಟಕಿ ತೆರೆದು ಕೂತು, ತೀರಿಹೋದ ಅಪ್ಪನನ್ನು ಮೆಲ್ಲಗೆ ಕೇಳುತ್ತಿದ್ದಾಳೆ: “ನಾನು ತಲೆ ಬಾಚ್ಕೊಳ್ಳೋ ತನಕ ಕಾಯೋಕಾಗ್ಲಿಲ್ವಾ ನಿಮಗೆ?”

ನಿನ್ನ ತಮ್ಮ,
ಥವಾಟ್