ಅತ್ತೆಯ ಕೈಗುಣ

ಮದಲೂರು
11-2-1959

ಪ್ರೀತಿಯ ಹನುಮಕ್ಕನಿಗೆ,

ನಿನ್ನ ತಂಗಿ ಅಶ್ವತ್ಥಿ ಮಾಡುವ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯಬೇಕು. ಬರೆದಿದ್ದೇನೆ ಅಂದುಕೋ.

ನಿನ್ನ ಕಾಗದ ಬಂತು. ಭಾನುವಾರ ಭಾವನ ಜೊತೆ ಬಂದು, ನಮ್ಮತ್ತೆಯ ಕೈಲಿ ಸೊಂಟಕ್ಕೆ ಬರೆ ಹಾಕಿಸಿಕೊಳ್ಳುತ್ತೀಯಂತೆ. ನನಗೆ ವಾಸಿಯಾದ ಹಾಗೆ ನಿನಗೂ ಆಗುತ್ತದೆ ಅಂತ ಬರೆದಿದ್ದೀಯ. ಬರಬೇಡ ಅಕ್ಕ. ನನಗೆ ವಾಸಿಯಾಗಿಲ್ಲ.

ಪೂರ್ತಿ ಸುಳ್ಳು ಹೇಳಿದೆ ಅಂತಲ್ಲ. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಅತ್ತೆ ಕಬ್ಬಿಣದ ಸಲಾಕೆ ಕೆಂಪಗೆ ಕಾಯಿಸಿ ನನ್ನ ಸೊಂಟಕ್ಕೆ ಎಳೆದರು. ಚೀರಿದ್ದು ಕೆರೆ ಏರಿಯ ತನಕ ಕೇಳಿಸಿತಂತೆ. ಆಮೇಲೆ ನೋಡು, ಎಂದೂ ನನ್ನನ್ನು ಹೆಸರಿಟ್ಟು ಕರೆಯದ ಅತ್ತೆ ಹರಳೆಣ್ಣೆ ಹಚ್ಚುತ್ತಾ ಪಕ್ಕದಲ್ಲೇ ಕೂತರು. "ಬೆಂದೋಗೈತೆ ಕೂಸು, ಯಾರೂ ಕೆಲ್ಸ ಹೇಳ್ಬ್ಯಾಡ್ರಿ" ಅಂತ ಎಲ್ಲರನ್ನೂ ಗದರಿದರು. ನಮ್ಮನೆಯವರು ತಾವೇ ನೀರು ಸೇದಿ ತಂದರು. ಅಯ್ಯೋ, ಅಂಥ ದಿನಗಳು ನನಗೆ ತವರಲ್ಲೂ ಸಿಕ್ಕಿರಲಿಲ್ಲ. ಸುಟ್ಟ ಗಾಯ ಉರಿಯುತ್ತಿತ್ತು, ಆದರೆ ಒಳಗಿನ ಹಳೇ ನೋವು ಎಲ್ಲಿ ಹೋಯಿತೋ! ನಿನ್ನಾಣೆ, ಆಗ ನೋವಿರಲಿಲ್ಲ.

ಗಾಯ ಒಣಗಿತು. ಕೊಡ ಸೊಂಟಕ್ಕೆ ಬಂತು, ಗೊಬ್ಬರದ ಮಂಕರಿ ತಲೆಗೆ ಬಂತು, ಅತ್ತೆಯ ಬಾಯಿಯೂ ಮೊದಲಿನಂತಾಯಿತು. ಹಿಂದೆಯೇ ನೋವೂ ಬಂತು. ಹೇಳೋಣವೆಂದರೆ ಅಷ್ಟರಲ್ಲಿ ಊರೆಲ್ಲ ಅತ್ತೆಯ ಕೈಗುಣ ಹೊಗಳುತ್ತಿತ್ತು. ಯಾರಾದರೂ ಬಂದರೆ ಸಾಕು, ಅತ್ತೆ "ಬಗ್ಗಿ ತೋರ್ಸೇ ಅಶ್ವತ್ಥಿ" ಅನ್ನುತ್ತಾರೆ. ಹಲ್ಲು ಕಚ್ಚಿ ಬಗ್ಗುತ್ತೇನೆ, ಏಳುತ್ತೇನೆ, ನಗುತ್ತೇನೆ. ಆ ಹೊತ್ತು ಅತ್ತೆ ನನ್ನ ಬೆನ್ನು ಸವರುತ್ತಾರೆ. ಅಷ್ಟಕ್ಕೇ ಆಸೆಬುರುಕಿಯಾದೆ, ಥೂ.

ಶಿರಾದ ಬಳೆಗಾರ ಬಾಷಾ ಸಾಬರ ಹೆಂಡತಿ ಅಮೀರ್ ಬಿ ನಾನು ಬಗ್ಗಿದ್ದು ನೋಡಿಯೇ ಬರೆ ಹಾಕಿಸಿಕೊಂಡಳು. ಗಾಯ ಕೀವಾಗಿದೆ. ಮೊನ್ನೆ ಸಾಬರು ಬಂದಾಗ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. "ನಿಮ್ಗೆ ವಾಸಿ ಆಗೈತೆ, ನಂಗ್ಯಾಕೆ ಆಗಿಲ್ಲ, ನಂದೇ ಏನೋ ಪಾಪ ಅಂತ ಅಳ್ತವ್ಳೆ ತಾಯಿ" ಅಂದರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ತಾಳಿ, ಆಗುತ್ತದೆ ಅಂದೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುವ ಹಾಗಾಗಿದೆ.

ನಾಲ್ಕು ಒಳ್ಳೇ ಮಾತಿಗೆ ಹೋಗುವ ನೋವು ನೋವೇನಾ, ನನ್ನದು ನಾಟಕವಾ ಅಂತ ನನಗೇ ಅನುಮಾನ. ಆದರೆ ಕೊಡ ಎತ್ತುವಾಗ ಕಣ್ಣು ಕತ್ತಲೆ ಬರುವುದು ನಾಟಕವಲ್ಲ ಅಕ್ಕ. ನಿನಗೂ ಅತ್ತೆ ಇದ್ದಾರೆ, ಕೊಡ ಇದೆ. ನಿನಗಾದರೂ ಅರ್ಥವಾದೀತು.

ಭಾವನಿಗೆ ಹೊರಗಾಗಿದ್ದೇನೆ ಅಂದುಬಿಡು. ಮುಟ್ಟಾದವರನ್ನು ಅತ್ತೆ ಬರೆಗೆ ಕೂರಿಸುವುದಿಲ್ಲ. ಆಮೇಲೆ ಮಧುಗಿರಿ ಆಸ್ಪತ್ರೆಗೆ ಹೋಗು, ಡಾಕ್ಟರು ಕೇಳಿದರೆ ಮನೆಯ ಕಷ್ಟವನ್ನೂ ಹೇಳು. ಓದಿದ ಮೇಲೆ ಈ ಕಾಗದ ಒಲೆಗೆ ಹಾಕು.

ಇಂತಿ ನಿನ್ನ ಮುಖ ನೋಡಲಾರದ ತಂಗಿ,
ಅಶ್ವತ್ಥಮ್ಮ

ತಾ.ಕ.: ಇಷ್ಟು ಬರೆದ ಮೇಲೂ ಭಾವನಿಗೆ ಹೆದರಿ ಬಂದೇಬಿಟ್ಟರೆ, ಅತ್ತೆಯ ಎದುರು ನನ್ನನ್ನು ಏನೂ ಕೇಳಬೇಡ. ಕೇಳಿದರೆ ನಾನು ನಗುನಗುತ್ತಾ ಬಗ್ಗಿ ತೋರಿಸಿಬಿಡುತ್ತೇನೆ.