ಮಂಗಟ್ಟೆಯ ಕಣ್ಣಿನ ಬಣ್ಣ

ಕಾರವಾರ
ಮೇ ೧೩, ೨೦೨೫

ಗಂಗೂ,

ಕ್ಷೇಮ ಅಂತ ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಈಗಾಗಲೇ ಹೇಳಿದ ಸುಳ್ಳುಗಳೇ ಸಾಕಷ್ಟಿವೆ. ಎರಡು ಸಲ ಫೋನ್ ಮಾಡಿದೆ. ನಿನ್ನ ದನಿ ಕೇಳಿದ್ದೇ, ಬಂಗಡೆ ಮೀನು ಬಂತೇನೇ ಅಂತ ಏನೋ ಕೇಳಿ ಇಟ್ಟುಬಿಟ್ಟೆ.

ಕದ್ವಾಡ ಶಾಲೆಯಲ್ಲಿ ಒಟ್ಟಿಗೆ ಕೂತವರು ನಾವು, ನನ್ನ ಚಿತ್ರದ ಹುಚ್ಚು ನಿನಗೆ ಗೊತ್ತು. ವಾರವಿಡೀ ಬ್ಯಾಂಕಿನಲ್ಲಿ ಠಸ್ಸೆ ಹೊಡೆದು, ಭಾನುವಾರ ಬಣ್ಣದ ಚೀಲ ಹೆಗಲಿಗೇರಿಸಿ ಹೊರಡುವವಳು. ಸಮುದ್ರ ಬರೆದೂ ಬರೆದೂ ಕೈ ಪಳಗಿತ್ತು. ಮಂಗಟ್ಟೆ ಹಕ್ಕಿ ಮಾತ್ರ ಒಮ್ಮೆಯೂ ಒಲಿದಿರಲಿಲ್ಲ. ಅದಕ್ಕೇ ಕೈಗಾ ಕಡೆಯ ಕಾಡಿನಲ್ಲಿ ಗೂಡು ಕಾಯುವ ಕೆಲಸಕ್ಕಿದ್ದ ನಿನ್ನ ತಮ್ಮ ತಿಮ್ಮುವಿನ ಬೆನ್ನು ಬಿದ್ದೆ. ಅಕ್ಕನ ಗೆಳತಿ ಅಂತ ಅವನು ಮರ ತೋರಿಸಿದ. ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲಿಗೆ ತಾನೇ ಗಾರೆ ಮೆತ್ತಿಕೊಂಡಿತ್ತು. ಕೊಕ್ಕು ತೂರುವಷ್ಟೇ ಸೀಳು. ಗಂಡು ತಂದು ಕೊಟ್ಟರೆ ಊಟ, ಇಲ್ಲದಿದ್ದರೆ ಇಲ್ಲ. ಹಳ್ಳದ ದಂಡೆಯ ಬಂಡೆ ತೋರಿಸಿ ತಿಮ್ಮು ಹೇಳಿದ್ದು ಒಂದೇ ಮಾತು: "ಇದ್ನ ದಾಟೂದಲ್ಲ ಜಯಂತಕ್ಕ. ಒಳಗೆ ಬಾಣಂತಿ ಅದೆ."

ಮಾರ್ಚಿನಲ್ಲಿ ನಿನ್ನ ಮೈದುನ ಮಧುಕರನ ಮದುವೆಗೆಂದು ತಿಮ್ಮು ಮೂರು ದಿನ ಅಂಕೋಲೆಗೆ ಬಂದನಲ್ಲ, ಆ ಮೂರೂ ದಿನ ನಾನು ರಜೆ ಹಾಕಿ ಆ ಮರದ ಬುಡದಲ್ಲಿ ಕೂತಿದ್ದೆ. ಬಂಡೆಯಿಂದ ಹಕ್ಕಿಯ ಕಣ್ಣಿನ ಬಣ್ಣ ಕಾಣುತ್ತಿರಲಿಲ್ಲ, ಅಷ್ಟೇ ಕಾರಣ. ಗಂಡು ಹಣ್ಣು ತಂದು, ನನ್ನನ್ನು ಕಂಡು, ಎದುರಿನ ಕೊಂಬೆಯಲ್ಲೇ ಕೂರುತ್ತಿತ್ತು. ಕೂಗಿ ಕೂಗಿ ಹಿಂದೆ ಹೋಗುತ್ತಿತ್ತು. ಯಾಕೆಂದು ತಿಳಿಯಲಿಲ್ಲ ಅಂತ ಹೇಳಲಾರೆ. ತಿಳಿದಿತ್ತು ಗಂಗೂ, ಮೊದಲ ದಿನವೇ. ಆದರೆ ಅದು ಎದುರಿಗೆ ಕೂತಷ್ಟು ಹೊತ್ತು ನನಗೆ ಚಿತ್ರ ಸಿಗುತ್ತಿತ್ತು. ಬಾಣಂತಿಯ ಊಟವನ್ನು ಬಾಗಿಲಲ್ಲೇ ತಡೆದು, ತಂದವನ ಕಣ್ಣಿನ ಕೆಂಪಿಗೆ ಬಣ್ಣ ಕಲೆಸುತ್ತ ಕೂತೆ. ಮೂರನೆಯ ಸಂಜೆ ಹೆಣ್ಣು ಗಾರೆ ಒಡೆದು ಹೊರಗೆ ಬಿತ್ತು. ರೆಕ್ಕೆಯ ಗರಿ ಉದುರಿಸಿಕೊಂಡಿದ್ದ ಅದಕ್ಕೆ ಹಾರಲಾಗಲಿಲ್ಲ, ಪೊದೆಯೊಳಗೆ ಕುಪ್ಪಳಿಸಿ ಹೋಯಿತು. ಪೊಟರೆಯಲ್ಲಿ ಮರಿ ಚೀರುತ್ತಿತ್ತು. ನಾನು ಕುಂಚ ತೊಳೆದು ಮನೆಗೆ ಬಂದೆ.

ಮರಿ ಸತ್ತಿತು. ಕಾವಲು ಬಿಟ್ಟು ಹೋದನೆಂದು ತಿಮ್ಮುವಿನ ಕೆಲಸ ಹೋಯಿತು. ಊರವರಂತೂ ಆಳಿಗೊಂದು ಮಾತಿನ ಕಲ್ಲೆಸೆದರು. ಅವನೇ ಹಕ್ಕಿ ಹಿಡಿದು ಮಾರಿದ ಅಂದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ; ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವನು ಅವನು. ಅರಣ್ಯ ಇಲಾಖೆಯ ಸಾಹೇಬರು, ಆ ಕಾಡಿಗೆ ಬರುವವಳೆಂದು ನನ್ನನ್ನೂ ಕರೆದು ಕೇಳಿದರು. ಆ ಮೂರು ದಿನ ಬೇಲೆಕೇರಿಯಲ್ಲಿ ಸಮುದ್ರ ಬರೆಯುತ್ತಿದ್ದೆ ಅಂದೆ. ನಂಬಿದರು.

ಮೊನ್ನೆ ಭಾನುವಾರದ ಸಂತೆಯಲ್ಲಿ ತಿಮ್ಮು ಸಿಕ್ಕ. ಈಗ ಕೂಲಿಗೆ ಹೋಗುತ್ತಾನೆ, ಕಲ್ಲು ಹೊತ್ತು ಹೆಗಲು ಸುಲಿದಿತ್ತು. "ಮರದ ಬುಡಕೆ ನಿಮ್ಮ ಬಣ್ಣ ಬಿದ್ದಿತ್ತು ಜಯಂತಕ್ಕ. ಸಾಹೇಬ್ರು ಬರೂಕಿಂತ ಮೊದ್ಲೇ ಕೆತ್ತಿ ಒಗದೆ. ಅಕ್ಕಂಗೆ ಹೇಳ್ಬೇಡಿ, ಬೇಜಾರ ಮಾಡ್ಕಂತದೆ" ಅಂದು ಹೊರಟುಬಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ನಾಳೆ ಸಾಹೇಬರ ಬಳಿ ಹೋಗುತ್ತೇನೆ ಅಂತಲೇ ದಿನ ದೂಡಿದೆ. ನನ್ನ ನಾಳೆಯನ್ನು ನೀನು ನಂಬಬೇಡ. ಎಲ್ಲ ಒಪ್ಪಿಕೊಂಡು ಅವರಿಗೆ ಬರೆದ ಕಾಗದ ಇದರೊಳಗಿದೆ, ಸಹಿ ಮಾಡಿದ್ದೇನೆ. ತಿಮ್ಮು ಬಣ್ಣ ಕೆತ್ತಿದ ಮಾತು ಅದರಲ್ಲಿಲ್ಲ. ನೀನೇ ಕೊಂಡುಹೋಗಿ ಕೊಡು. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ.

ನಿನ್ನ ಗೆಳತಿ ಎಂದು ಬರೆಯಲು ಕೈ ಬಾರದ,
ಜಯಂತಿ

ತಾ.ಕ.: ಕಾಗದ ಸಾಲದಿದ್ದರೆ, ಕಳೆದ ತಿಂಗಳು ನಿನ್ನ ಗೃಹಪ್ರವೇಶಕ್ಕೆ ನಾನು ಕೊಟ್ಟ ಸಮುದ್ರದ ಚಿತ್ರವನ್ನೂ ಗೋಡೆಯಿಂದ ಇಳಿಸಿಕೊಂಡು ಹೋಗು. ಅದು ಬೇಲೆಕೇರಿಯಲ್ಲಿ ಬರೆದದ್ದಲ್ಲ. ಸಾಹೇಬರು ಕರೆದರೆಂದು ಮನೆಯಲ್ಲೇ ಕೂತು ಬರೆದು, ಕೆಳಗೆ ಆ ಮೂರು ದಿನಗಳ ತಾರೀಕು ಹಾಕಿ, ಅವರಿಗೆ ತೋರಿಸಿದ ಸಾಕ್ಷಿ ಅದು. ಮನೆಯಲ್ಲಿ ಇಟ್ಟುಕೊಳ್ಳಲಾರದೆ ನಿನಗೆ ಕೊಟ್ಟೆ. ತಿಮ್ಮು ಆ ತಾರೀಕು ಓದಿದ್ದನ್ನು ನಾನು ನೋಡಿದೆ. ಓದಿ, ಅವನೇ ಮೊಳೆ ಹೊಡೆದು ಅದನ್ನು ತೂಗುಹಾಕಿದ.