ನಾನೂರ ಹನ್ನೆರಡು ಚುಚ್ಚುಮದ್ದಿನ ಸಮಜಾಯಿಷಿ

ಈ ಸೀಮೆಯ ದನಕರುಗಳ ಪ್ರಾಣರಕ್ಷಣೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಸರಕಾರದ ಚುಚ್ಚುಮದ್ದನ್ನು ತಮ್ಮ ಅಪ್ಪಣೆಯಿಲ್ಲದೆ ಕೋಣಗಳಿಗೆ ಚುಚ್ಚಿದೆನೆಂಬ ಅಪರಾಧಕ್ಕೆ ತಾವು ನನ್ನನ್ನು ಅಮಾನತು ಮಾಡಿದ್ದೀರಿ. ಏಳು ದಿನಗಳೊಳಗೆ ಮೂರು ಪ್ರತಿಗಳಲ್ಲಿ ಸಮಜಾಯಿಷಿ ಕೊಡಬೇಕೆಂದು ಬರೆದಿದ್ದೀರಿ. ಮೂರು ಪ್ರತಿ ಸಾಲದೆಂದು ತೋರಿದ್ದರಿಂದ ಪತ್ರಿಕೆಯ ಮೂಲಕ ಕೊಡುತ್ತಿದ್ದೇನೆ. ತಾವು ಬೆಳಗಿನ ಕಾಫಿಯ ಜೊತೆ ಓದಬಹುದು.

ನಾನು ಹನ್ನೊಂದು ವರ್ಷಗಳಿಂದ ತಮ್ಮ ಇಲಾಖೆಯ ಸ್ಟಾಕ್‌ಮನ್. ಗಾಯ ತೊಳೆಯುವುದು, ಸೂಜಿ ಕುದಿಸುವುದು, ಲಸಿಕೆ ಹಾಕುವುದು, ತಾವು ಬಂದಾಗ ಕುರ್ಚಿ ಒರೆಸುವುದು ನನ್ನ ಕೆಲಸ. ಊರವರು ನನ್ನನ್ನು ‘ಡಾಕ್ಟ್ರೇ’ ಎಂದು ಕರೆಯುತ್ತಾರೆ. ತಾವು ‘ಏಯ್’ ಎಂದು ಕರೆಯುತ್ತೀರಿ. ಎರಡೂ ನನ್ನ ಹುದ್ದೆಯಲ್ಲವಾದರೂ ಇಷ್ಟು ವರ್ಷ ಎರಡಕ್ಕೂ ಓಗೊಟ್ಟಿದ್ದೇನೆ.

ತಾವು ಘಟ್ಟದ ಮೇಲಿನವರು, ಇಲ್ಲಿಗೆ ಬಂದು ಎರಡು ವರ್ಷವಾಯಿತು. ಆದ್ದರಿಂದ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬೇಸಗೆ ಮುಗಿದು ಪತ್ತನಾಜೆ ಬಂತೆಂದರೆ, ಅಂದರೆ ಮೇ ತಿಂಗಳ ಕೊನೆಯ ವಾರವಾಯಿತೆಂದರೆ, ನಮ್ಮಲ್ಲಿ ಯಕ್ಷಗಾನದ ಆಟ, ದೈವಗಳ ನೇಮ ಎಲ್ಲ ನಿಲ್ಲುತ್ತವೆ. ದೈವಗಳು ಕೂಡ ಆ ಹೊತ್ತಿಗೆ ತಮ್ಮ ಕಾರ್ಯಕ್ರಮ ಮುಗಿಸುತ್ತವೆ. ಆಮೇಲೆ ಮಳೆ, ಗದ್ದೆ, ಕೋಣ, ನೇಗಿಲು ಇಷ್ಟೇ. ಹೊಸ ಮಳೆಯ ಕೆಸರಿನ ಜೊತೆಗೇ ಕೋಣಗಳ ಗಂಟಲು ಬಾಯುವ ರೋಗವೂ ಬರುತ್ತದೆ. ಬೆಳಿಗ್ಗೆ ಮೇವು ಬಿಟ್ಟ ಕೋಣ ಮರುದಿನ ಇರುವುದಿಲ್ಲ. ಬಂದ ಮೇಲೆ ಮದ್ದು ನಾಟುವುದು ಅಪರೂಪ. ಬರುವ ಮೊದಲೇ ಚುಚ್ಚಬೇಕು. ಇದು ತಮ್ಮ ಇಲಾಖೆಯೇ ಅಚ್ಚು ಹಾಕಿಸಿ ಹಂಚಿದ ಕರಪತ್ರದಲ್ಲಿದೆ. ತಾವು ಓದಿರಲಾರಿರಿ, ಕೆಳಗೆ ತಮ್ಮ ರುಜು ಮಾತ್ರ ಇದೆ.

ಈ ವರ್ಷ ಮದ್ದು ಬರಲಿಲ್ಲವೆಂದು ಯಾರೂ ಸರಕಾರವನ್ನು ದೂರುವಂತಿಲ್ಲ. ಏಪ್ರಿಲ್ ಇಪ್ಪತ್ತೆರಡಕ್ಕೇ ಬಂತು. ಆರುನೂರು ಜಾನುವಾರುಗಳಿಗೆ ಸಾಲುವಷ್ಟು ಬಾಟಲಿಗಳು. ಸೀಮೆಎಣ್ಣೆಯಿಂದ ನಡೆಯುವ ನಮ್ಮ ತಂಪುಪೆಟ್ಟಿಗೆಯಲ್ಲಿ ನಾನೇ ಕೈಯಾರೆ ಜೋಡಿಸಿದೆ. ಸಂಜೆ ತಾವು ಬಂದು ಪೆಟ್ಟಿಗೆಯ ಬಾಗಿಲಿಗೆ ಬೀಗ ಹಾಕಿಸಿ, ಪಟ್ಟಿ ಕಟ್ಟಿಸಿ ಅರಗಿನ ಮುದ್ರೆ ಒತ್ತಿದಿರಿ. ‘ಜಾನುವಾರು ರಕ್ಷಣಾ ಸಪ್ತಾಹ’ವನ್ನು ಪುಂಜಾಲಕಟ್ಟೆಯ ಮೈದಾನದಲ್ಲಿ ನಡೆಸುವುದು, ದೊಡ್ಡವರೊಬ್ಬರ ಅಮೃತಹಸ್ತದಿಂದ ಮೊದಲ ಚುಚ್ಚುಮದ್ದು ಕೊಡಿಸುವುದು, ಅಲ್ಲಿಯವರೆಗೆ ಒಂದು ಹನಿಯೂ ಖರ್ಚಾಗಕೂಡದೆಂಬುದು ತಮ್ಮ ಅಪ್ಪಣೆ. ಮೇ ಐದಕ್ಕೆ ಚಪ್ಪರವಾಯಿತು, ಅತಿಥಿಗಳಿಗೆ ಶೀತವಾಯಿತು. ಮೇ ಹದಿನಾರಕ್ಕೆ ಮತ್ತೆ ಚಪ್ಪರವಾಯಿತು, ಅತಿಥಿಗಳ ಅಳಿಯನಿಗೆ ಮದುವೆಯ ಓಡಾಟವಾಯಿತು. ಮೂರನೆಯ ಸಲ ಚಪ್ಪರ ಹಾಕುವ ಹೊತ್ತಿಗೆ ಮಳೆಯೇ ಉದ್ಘಾಟನೆ ಮಾಡಿತು.

ಇನ್ನು ನನ್ನ ಪಾಲಿನ ಕಥೆ. ಅತಿಥಿಗಳು ಚುಚ್ಚುವಾಗ ಒದೆಯದ, ಹಾಯದ, ಸಂಭಾವಿತ ಕೋಣವೊಂದನ್ನು ಹುಡುಕೆಂದು ತಾವು ನನಗೆ ಹೇಳಿದ್ದಿರಿ. ಸಿದ್ಧಕಟ್ಟೆಯ ಸೇಸಮ್ಮನ ಕೋಣ ಪಾಂಡುವನ್ನು ತೋರಿಸಿದವನು ನಾನು. ಸೇಸಮ್ಮ ಐವತ್ತು ದಾಟಿದ ವಿಧವೆ. ಗಂಡನೂ ಮಗನೂ ಹೋದ ಮೇಲೆ ಸೊಸೆ ದಮಯಂತಿಯನ್ನು ಕಟ್ಟಿಕೊಂಡು ಚಾಲಗೇಣಿಯ ಗದ್ದೆ ಮಾಡಿಕೊಂಡಿದ್ದಳು. ಚಾಲಗೇಣಿ ಎಂದರೆ ಧಣಿಗಳು ವರ್ಷ ವರ್ಷಕ್ಕೆ ‘ಆಗಬಹುದು’ ಎಂದರಷ್ಟೇ ಗದ್ದೆ. ಆಕೆಯ ಬಲವೆಂದರೆ ಎರಡು ಕೋಣಗಳು, ಪಾಂಡು ಮತ್ತು ಕಾಟಿ. ಪಾಂಡು ಎಷ್ಟು ಸಾಧುವೆಂದರೆ ಕೊಟ್ಟಿಗೆಯಲ್ಲಿ ಬೆಕ್ಕು ಅದರ ಬೆನ್ನಿನ ಮೇಲೆ ಮಲಗುತ್ತಿತ್ತು. ತಮ್ಮ ಆಮಂತ್ರಣ ಪತ್ರಿಕೆಯಲ್ಲಿ ‘ಸಿದ್ಧಕಟ್ಟೆಯ ಶ್ರೀಮತಿ ಸೇಸಮ್ಮನವರ ಕೋಣಕ್ಕೆ ಪ್ರಥಮ ಚುಚ್ಚುಮದ್ದು’ ಎಂದು ಅಚ್ಚಾಯಿತು. ಸೇಸಮ್ಮನಿಗೆ ಓದು ಬಾರದು. ನಾನೇ ಓದಿ ಹೇಳಿದೆ. ನಕ್ಕಳು.

ಪತ್ತನಾಜೆಗೆ ನಾಲ್ಕು ದಿನವಿರುವಾಗ ಆಕೆ ನಡೆದುಕೊಂಡೇ ಚಿಕಿತ್ಸಾಲಯಕ್ಕೆ ಬಂದಳು. ಆಕೆ ತುಳುವಿನಲ್ಲಿ ಆಡಿದ್ದನ್ನು ತಮಗೆ ತಿಳಿಯಲೆಂದು ಕನ್ನಡಕ್ಕೆ ಮಾಡಿದ್ದೇನೆ.

“ಡಾಕ್ಟ್ರೇ, ಮೋಡ ಕಟ್ಟಿ ಆಯ್ತು. ಆ ದೊಡ್ಡ ಜನ ಬಾರದಿದ್ರೆ ಬೇಡ, ನೀವೇ ಚುಚ್ಚಿ ಬಿಡಿ.”

“ಮುದ್ರೆ ಹಾಕಿದ್ದಾರೆ ಸೇಸಮ್ಮಕ್ಕ. ಮೇಲಿನಿಂದ ಅಪ್ಪಣೆ ಆಗಬೇಕು.”

“ಮದ್ದು ಒಳಗೆ ಉಂಟಲ್ಲ?”

“ಉಂಟು.”

“ಬೀಗದ ಕೈ?”

ಅದು ನನ್ನ ಸೊಂಟದಲ್ಲಿತ್ತು. ನಾನು ಹೇಳಿದೆ, “ಇನ್ನೊಂದು ವಾರ ತಡೆಯಿರಿ. ನಿಮ್ಮ ಪಾಂಡುವಿಗೆ ಮಾಲೆ ಹಾಕ್ತಾರೆ, ಫೋಟೋ ತೆಗೀತಾರೆ. ಈಗಲೇ ಚುಚ್ಚಿದ್ರೆ ಸಾಹೇಬರಿಗೆ ಸಿಟ್ಟು ಬರ್ತದೆ.”

ಆಕೆ ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿದಳು. “ಆಯ್ತು, ನೀವು ಹೇಳಿದ ಮೇಲೆ,” ಎಂದು ಎದ್ದು ಹೋದಳು. ಮಾನ್ಯರೇ, ಹನ್ನೊಂದು ವರ್ಷದಲ್ಲಿ ನನ್ನ ಮಾತನ್ನು ಜನ ನಂಬುವಂತೆ ಮಾಡಿಕೊಂಡಿದ್ದೆ. ಆ ನಂಬಿಕೆಯನ್ನು ತಮ್ಮ ಸಮಾರಂಭದ ಸೇವೆಗೆ ಹೀಗೆ ಬಳಸಿದೆ.

ಜೂನ್ ಎರಡಕ್ಕೆ ಮಳೆ ಹಿಡಿಯಿತು. ಏಳರಂದು ಬೆಳಿಗ್ಗೆ ದಮಯಂತಿ ತಲೆಗೆ ಓಲೆಯ ಗೊರಬು ಹಾಕಿಕೊಂಡು ಓಡಿ ಬಂದಳು. ನಾನು ತಲುಪುವಾಗ ಪಾಂಡು ಕೊಟ್ಟಿಗೆಯಲ್ಲಿ ನಾಲಗೆ ಹೊರಚಾಚಿ ನಿಂತಿತ್ತು. ಗದ್ದದಿಂದ ಎದೆಯವರೆಗೆ ಬಾತು ಒಂದೇ ಆಗಿತ್ತು. ಒಂದೊಂದು ಉಸಿರಿಗೂ ಗರಗಸ ಎಳೆದಂತೆ ಸದ್ದು. ಸೇಸಮ್ಮ ಅದರ ಮುಂದೆ ಬಿಸಿನೀರಿನ ಬಟ್ಟೆ ಹಿಡಿದು ಕೂತಿದ್ದಳು.

“ಈಗ ಮಾಲೆ ಎಲ್ಲಿಗೆ ಹಾಕ್ತಾರೆ ಡಾಕ್ಟ್ರೇ? ಕುತ್ತಿಗೆಯೇ ಇಲ್ಲವಲ್ಲ.”

ವ್ಯಂಗ್ಯವಾಗಿ ಕೇಳಿದ್ದಲ್ಲ. ಆಕೆಗೆ ವ್ಯಂಗ್ಯ ಬಾರದು, ಅದು ನಮ್ಮಂಥ ಸಂಬಳದವರ ಚಟ. ನಿಜವಾಗಿಯೂ ಆ ಹೊತ್ತಿಗೆ ಆಕೆಗೆ ಮಾಲೆಯ ಚಿಂತೆ. ಕೋಣ ಬದುಕಿದರೆ ಮುಂದಿನ ವಾರ ಪುಂಜಾಲಕಟ್ಟೆಗೆ ಹೊಡೆದುಕೊಂಡು ಹೋಗಬೇಕೆಂದು ಆಕೆ ಇನ್ನೂ ನಂಬಿದ್ದಳು. ಮಧ್ಯಾಹ್ನಕ್ಕೆ ಪಾಂಡು ಬಿತ್ತು. ಮರುದಿನ ಬೆಳಿಗ್ಗೆ ಕಾಟಿ. ಎರಡನ್ನೂ ಹೂಳುವ ಹೊಂಡಕ್ಕೆ ನೆರೆಕರೆಯವರು ಸಿಗಲಿಲ್ಲ. ಅವರವರ ಹಿತ್ತಿಲಲ್ಲಿ ಅವರವರ ಹೊಂಡಗಳಿದ್ದವು. ಅತ್ತೆ, ಸೊಸೆ, ನಾನು ಮೂವರೇ ತೋಡಿದೆವು. ನೀರು ತುಂಬುತ್ತಿದ್ದ ಹೊಂಡಕ್ಕೆ ಇಳಿಸಿದ ಹೆಣ ತೇಲಿತು. ಕಲ್ಲು ಹೇರಿ ಮುಳುಗಿಸಬೇಕಾಯಿತು.

ನಾನು ತಮಗೆ ತಂತಿ ಕೊಟ್ಟೆ. ತಾವು ಆಗ ಎಲ್ಲಿದ್ದಿರೆಂಬುದನ್ನು ಸಾರ್ವಜನಿಕರು ತಿಳಿಯಬೇಕು. ತಾವು ಬೆಂಗಳೂರಿನಲ್ಲಿ, ಮಳೆಗಾಲದ ತುರ್ತು ಸಿದ್ಧತೆಯ ಬಗ್ಗೆ ನಡೆದ ವಿಚಾರ ಸಂಕಿರಣದಲ್ಲಿದ್ದಿರಿ. ತಮ್ಮ ಮರುತಂತಿ ನನ್ನ ಬಳಿ ಭದ್ರವಾಗಿದೆ: ‘ದಿನಾಂಕ ನಿಗದಿಯಾಗಿಲ್ಲ. ಮುದ್ರೆ ಮುಟ್ಟಬೇಡ.’ ಆ ಸಂಕಿರಣದಲ್ಲಿ ತಾವು ಓದಿದ ಪ್ರಬಂಧ ಬಹಳ ಮೆಚ್ಚಿಗೆ ಪಡೆಯಿತೆಂದು ಕೇಳಿದ್ದೇನೆ. ಅದರಲ್ಲಿ ಗಂಟಲು ಬೇನೆಯ ಬಗ್ಗೆ ಒಂದು ಪುಟವಿತ್ತಂತೆ. ಒಳ್ಳೆಯದೇ. ಕೋಣಗಳು ಓದುವುದಿಲ್ಲವೆಂಬುದೊಂದೇ ಕೊರತೆ.

ಆ ತಂತಿಯನ್ನು ಕೈಯಲ್ಲಿ ಹಿಡಿದು ಚಿಕಿತ್ಸಾಲಯದ ಜಗಲಿಯಲ್ಲಿ ನಿಂತಿದ್ದಾಗ ಬಂದವನು ಅಬ್ದುಲ್ ಮಜೀದ್. ಬಂಟ್ವಾಳದ ಕಡೆಯ ಕೋಣದ ವ್ಯಾಪಾರಿ. ಈ ಸೀಮೆಯ ಕೊಟ್ಟಿಗೆಗಳಲ್ಲಿರುವ ಅರ್ಧ ಕೋಣಗಳನ್ನು ತಂದುಕೊಟ್ಟವನು ಅವನೇ. ಬೆಳುವಾಯಿಯಲ್ಲೂ ರೋಗ ಕಾಣಿಸಿತೆಂದು ಹೇಳಲು ಬಂದಿದ್ದ. ತಂತಿ ಓದಿ ಹೇಳಿದೆ.

“ಈ ಕಾಗದವನ್ನು ಕೋಣಕ್ಕೆ ಚುಚ್ಚಲಿಕ್ಕೆ ಆಗ್ತದಾ ಮಾರಾಯ?” ಎಂದ.

“ನನ್ನ ಕೆಲಸ ಹೋಗ್ತದೆ ಮಜೀದಾಕ.”

“ಹೋಗ್ತದೆ. ಇಲ್ಲ ಅಂತ ನಾನು ಹೇಳುವುದಿಲ್ಲ. ಕೋಣ ಸತ್ತವರು ಹೊಸ ಕೋಣಕ್ಕೆ ನನ್ನ ಹತ್ರವೇ ಬರಬೇಕು, ನನಗೆ ಲಾಭವೇ. ಆದ್ರೂ ಹೇಳ್ತೇನೆ, ತೆಗಿ.”

ಲಾಭ ಬಿಟ್ಟು ಮಾತಾಡಿದ ಒಬ್ಬ ಮನುಷ್ಯನನ್ನು ಆ ತಿಂಗಳಲ್ಲಿ ಕಂಡದ್ದು ಅದೊಂದೇ ಸಲ. ನಾನು ಮುದ್ರೆ ಒಡೆದೆ. ಮಜೀದಾಕ ಮಂಗಳೂರಿನಿಂದ ಬಸ್ಸಿನಲ್ಲಿ ಮಂಜುಗಡ್ಡೆ ತರಿಸಿದ. ಸೀಸನ್ ಮುಗಿದು ಖಾಲಿ ಬಿದ್ದಿದ್ದ ತನ್ನ ಭಾವನ ಮೀನಿನ ಬುಟ್ಟಿಗಳಲ್ಲಿ ಮರದ ಹುಡಿ ತುಂಬಿಸಿ, ನಡುವೆ ಮಂಜುಗಡ್ಡೆಯಿಟ್ಟು ಬಾಟಲಿಗಳನ್ನು ಹೂತಿಟ್ಟ. ಒಂದು ಬುಟ್ಟಿ ಅವನ ತಲೆಯಲ್ಲಿ, ಒಂದು ನನ್ನ ತಲೆಯಲ್ಲಿ. ನಾಲ್ಕು ದಿನ ಮಳೆಯಲ್ಲಿ ನಡೆದೆವು. ಮೊದಲು ಬೆಳುವಾಯಿ, ಆಮೇಲೆ ಪುಂಜಾಲಕಟ್ಟೆಯ ಸುತ್ತು, ಕೊನೆಗೆ ಸಿದ್ಧಕಟ್ಟೆಯಲ್ಲಿ ಉಳಿದವು. ನಾನೂರ ಹನ್ನೆರಡು. ರೋಗ ಆಗಲೇ ಒಳಗೆ ಹೊಕ್ಕಿದ್ದ ಕೆಲವು ಸತ್ತವು, ಉಳಿದವು ಇಂದಿಗೂ ಗದ್ದೆಯಲ್ಲಿವೆ. ಮದ್ದಿಗೆ ಮುಂಚೆ ಸತ್ತವು ಎಪ್ಪತ್ತಮೂರು. ಮುದ್ರೆ ಒತ್ತಿದ ದಿನಕ್ಕೂ ಒಡೆದ ದಿನಕ್ಕೂ ನಡುವೆ ಒಂದೂವರೆ ತಿಂಗಳಿತ್ತು. ಒಬ್ಬ ಮನುಷ್ಯ, ಒಂದು ಸೂಜಿ, ನಾಲ್ಕು ದಿನ ಸಾಕಾಗುತ್ತಿತ್ತೆಂಬುದು ಈಗ ಸಾಬೀತಾಗಿದೆ.

ತಮ್ಮ ಆರೋಪಪಟ್ಟಿಯಲ್ಲಿ ಮೂರು ಅಂಶಗಳಿವೆ. ಸರಕಾರಿ ಮುದ್ರೆ ಒಡೆದದ್ದು ಮೊದಲನೆಯದು. ನಾನೂರ ಹನ್ನೆರಡು ಚುಚ್ಚುಮದ್ದಿನ ದುರ್ಬಳಕೆ ಎರಡನೆಯದು. ಸರಕಾರಿ ಔಷಧವನ್ನು ‘ಮೀನಿನ ಬುಟ್ಟಿಯಲ್ಲಿ ಸಾಗಿಸಿ ಇಲಾಖೆಯ ಘನತೆಗೆ ಕುಂದು ತಂದದ್ದು’ ಮೂರನೆಯದು. ಮೂರನ್ನೂ ಒಪ್ಪಿದ್ದೇನೆ. ಘನತೆಗೆ ಮೀನಿನ ವಾಸನೆ ಹತ್ತಿದ್ದಕ್ಕೆ ವಿಷಾದವಿದೆ. ಹೆಣದ ವಾಸನೆ ಇಲಾಖೆಯವರೆಗೆ ಬರಲಿಲ್ಲವೆಂಬುದು ಸಮಾಧಾನ.

ಆದರೆ ಮಾನ್ಯರೇ, ಜುಲೈ ತಿಂಗಳಲ್ಲಿ ತಾವು ಶಾಲೆಯೊಂದರ ಸಭಾಂಗಣದೊಳಗೆ ಕೊನೆಗೂ ಸಪ್ತಾಹ ನಡೆಸಿದಿರಿ. ಕೋಣವಿರಲಿಲ್ಲ, ಅತಿಥಿಗಳಿದ್ದರು. ಅಲ್ಲಿ ಓದಿದ ವರದಿಯ ಅಚ್ಚಾದ ಪ್ರತಿ ನನ್ನ ಮುಂದಿದೆ. ‘ಇಲಾಖೆಯ ಸಕಾಲಿಕ ಕ್ರಮದಿಂದ ನಾನೂರ ಹನ್ನೆರಡು ಜಾನುವಾರುಗಳನ್ನು ರಕ್ಷಿಸಲಾಯಿತು.’ ಆರೋಪಪಟ್ಟಿಯಲ್ಲಿ ದುರ್ಬಳಕೆಯಾದ ನಾನೂರ ಹನ್ನೆರಡು ವರದಿಯಲ್ಲಿ ರಕ್ಷಣೆಯಾದ ನಾನೂರ ಹನ್ನೆರಡಾಗುವುದು ಯಾವ ಗಣಿತ? ನಾನು ಕದ್ದೆನಾದರೆ ಆ ಕಳವಿನ ಮಾಲಿಗೆ ತಾವು ಹಾರ ಹಾಕಿಸಿಕೊಂಡದ್ದು ಹೇಗೆ? ಆ ವರದಿಯಲ್ಲಿ ಇನ್ನೂ ಒಂದು ಸಾಲಿದೆ: ‘ಸಿದ್ಧಕಟ್ಟೆಯ ಶ್ರೀಮತಿ ಸೇಸಮ್ಮನವರ ಕೋಣಕ್ಕೆ ಪ್ರಥಮ ಚುಚ್ಚುಮದ್ದನ್ನು ನೀಡಲಾಯಿತು.’ ಹಳೆಯ ಆಮಂತ್ರಣ ಪತ್ರಿಕೆಯಿಂದ ಹಾಗೆಯೇ ಇಳಿಸಿಕೊಂಡಿದ್ದೀರಿ. ಸತ್ತ ಕೋಣಕ್ಕೆ ಮದ್ದು ಕೊಡಿಸಿದ ಖ್ಯಾತಿ ತಮಗಲ್ಲದೆ ಇನ್ನಾರಿಗೆ ಸಲ್ಲಬೇಕು?

ಸೇಸಮ್ಮನ ಸಂಗತಿ ಏನಾಯಿತೆಂದು ವರದಿಯಲ್ಲಿಲ್ಲ, ಹೇಳುತ್ತೇನೆ. ಎರವಲು ಕೋಣ ಸಿಗಲಿಲ್ಲ, ಬದುಕಿದ ಕೋಣಗಳಿಗೆ ಅವುಗಳ ಯಜಮಾನರ ಗದ್ದೆಯೇ ಬೇಕಾದಷ್ಟಿತ್ತು. ಅತ್ತೆ ಸೊಸೆ ಹಾರೆ ಹಿಡಿದು ಒಂಬತ್ತು ದಿನ ಕೆಸರು ಅಗೆದರು. ಒಂದು ಮೂಲೆಯಾಯಿತು. ನಾಟಿಗಿಟ್ಟ ನೇಜಿ ಸಸಿಗಳು ಬಲಿತು ಹಳದಿಯಾದವು. ಗದ್ದೆ ಹಡಿಲು ಬೀಳುವುದು ಕಂಡು ಧಣಿಗಳು ಅದನ್ನು ಬೇರೆ ಒಕ್ಕಲಿಗೆ ಕೊಟ್ಟರು. ಕಳೆದ ತಿಂಗಳು ಸೇಸಮ್ಮ ಅದೇ ಗದ್ದೆಯಲ್ಲಿ, ಬೇರೆಯವರ ನೇಜಿಯ ನಡುವೆ ಬಗ್ಗಿ ಕೂಲಿಗೆ ಕಳೆ ಕೀಳುತ್ತಿದ್ದಳು. ನಾನು ಗದ್ದೆಯಂಚಿನ ಹುಣಿಯ ಮೇಲೆ ನಿಂತು ತಮ್ಮ ವರದಿಯ ಆ ಸಾಲನ್ನು ಆಕೆಗೆ ಓದಿ ಹೇಳಿದೆ. ಯಾಕೆ ಓದಿದೆನೋ ನನಗೇ ತಿಳಿಯದು. ತಪ್ಪೊಪ್ಪಿಕೊಳ್ಳಲು ಬೇರೆ ಮಾತು ಹೊಳೆದಿರಲಿಲ್ಲ.

ಆಕೆ ಬೆನ್ನು ನೆಟ್ಟಗೆ ಮಾಡಿ ಕೇಳಿಸಿಕೊಂಡಳು.

“ಸರಕಾರದ ಕಾಗದದಲ್ಲಿ ಪಾಂಡು ಉಂಟಾ?”

“ಉಂಟು.”

“ಹಾಗಾದ್ರೆ ಅವರ ಹತ್ರವೇ ಉಂಟು. ತಂದು ಕಟ್ಲಿಕ್ಕೆ ಹೇಳಿ ಡಾಕ್ಟ್ರೇ. ಕೊಟ್ಟಿಗೆ ಖಾಲಿಯೇ ಉಂಟು.” ಮತ್ತೆ ಬಗ್ಗಿದಳು. ತಲೆಯೆತ್ತದೆ ಕೇಳಿದಳು, “ಬೀಗದ ಕೈ ಆ ದಿನ ನಿಮ್ಮ ಹತ್ರ ಇತ್ತಲ್ಲ?”

ನಾನು ಇತ್ತು ಎಂದೆ. ಆಕೆ ಕಿತ್ತ ಕಳೆಯನ್ನು ಹುಣಿಗೆ ಎಸೆದು ಮುಂದಿನ ಸಾಲಿಗೆ ಹೋದಳು. ಇನ್ನು ಮುಂದೆ ನನ್ನೊಡನೆ ಮಾತಾಡುವಳೆಂದು ನನಗೆ ತೋರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ತಮಗೆ ವಿಚಿತ್ರವಾಗಿ ಕಾಣಬಹುದು. ಕೆಲಸವನ್ನು ಮರಳಿ ಕೊಡಿರೆಂದು ಕೇಳುವುದಿಲ್ಲ. ವರದಿಯನ್ನಾಗಲಿ ಆರೋಪಪಟ್ಟಿಯನ್ನಾಗಲಿ, ಎರಡರಲ್ಲೊಂದನ್ನು ಸುಳ್ಳೆಂದು ಇದೇ ಪತ್ರಿಕೆಯಲ್ಲಿ ಒಪ್ಪಿಕೊಳ್ಳಿ. ಬರುವ ವರ್ಷ ಮದ್ದು ಬಂದ ಮರುದಿನವೇ, ಚಪ್ಪರವಿಲ್ಲದೆ, ಮಾಲೆಯಿಲ್ಲದೆ, ಪತ್ತನಾಜೆಗೆ ಮುಂಚೆ ಕೊಟ್ಟಿಗೆ ಕೊಟ್ಟಿಗೆಗೆ ತಲುಪಬೇಕು. ಆ ಕೆಲಸಕ್ಕೆ ಯಾರನ್ನು ಬೇಕಾದರೂ ನೇಮಿಸಿ, ಆದರೆ ತಾವು ದಯವಿಟ್ಟು ರಜೆಯಲ್ಲಿರಿ. ನನ್ನ ವಿಚಾರಣೆಯನ್ನು ತಮ್ಮ ಕಚೇರಿಯಲ್ಲಿ ನಡೆಸದೆ ಸಿದ್ಧಕಟ್ಟೆಯಲ್ಲಿ, ಎಪ್ಪತ್ತಮೂರು ಕೋಣಗಳಿಗೆ ಹೊಂಡ ತೋಡಿದವರ ಎದುರಿಗೆ ನಡೆಸಿ. ಮತ್ತು ಆರೋಪಪಟ್ಟಿಗೆ ನಾಲ್ಕನೆಯ ಅಂಶವೊಂದನ್ನು ಸೇರಿಸಿ. ತಮಗೆ ಹೊಳೆಯಲಾರದೆಂದು ನಾನೇ ಬರೆದುಕೊಡುತ್ತೇನೆ: ‘ಮದ್ದು ಒಳಗಿದ್ದು, ಬೀಗದ ಕೈ ತನ್ನ ಸೊಂಟದಲ್ಲಿದ್ದು, ಕೇಳಲು ಬಂದ ಹೆಂಗಸನ್ನು ಆರೋಪಿಯು ಬರಿಗೈಯಲ್ಲಿ ಕಳುಹಿಸಿದ್ದಾನೆ.’ ಅದಕ್ಕೆ ಏನು ಶಿಕ್ಷೆಯೆಂದು ಬರೆಯಿರಿ. ನನ್ನ ಹೆಸರಿನ ಕೆಳಗೆ, ಅಪ್ಪಣೆ ಕೊಟ್ಟವರ ಹೆಸರು ಬರೆಯಲು ಒಂದು ಸಾಲು ಖಾಲಿ ಬಿಡಿ.

ಇಂತಿ,
ತಾವು ‘ಮುಟ್ಟಬೇಡ’ ಎಂದಾಗ ಬಹಳ ದಿನ ಮುಟ್ಟದೇ ಇದ್ದ,
ಧರ್ಣಪ್ಪ
ಅಮಾನತಾದ ಸ್ಟಾಕ್‌ಮನ್
೧೮ ಸೆಪ್ಟೆಂಬರ್ ೧೯೬೩